ಡಿಸ್ಚಾರ್ಜ್ ಚೀಟಿಯಲ್ಲಿ ಎಂಟು ಮದ್ದು: ಕುಡಿತದಿಂದ ಲಿವರ್ ಕೆಟ್ಟವರಿಗೆ ಯಾವುದು ಯಾಕೆ, ಯಾವುದು ಬಿಡಬಹುದು?

ತೋಟದ ರೈಟರ್, ಸಿದ್ದಾಪುರ
ಎಲ್ಲರಿಗೂ ನಮಸ್ಕಾರ. ಲೈನ್‌ಮನೆಯ ಕೆಲಸದವರೊಬ್ಬರ ಚೀಟಿ ಇದು. ವಯಸ್ಸು 46, ಸಿರೋಸಿಸ್ (ಲಿವರ್ ಗಾಯವಾಗಿ ಗಡುಸಾಗೋದು) ಅಂತ ಬರೆದಿದ್ದಾರೆ, ಹೊಟ್ಟೆಯ ನೀರು ತೆಗೆಸಿಕೊಂಡು ಮೊನ್ನೆ ಮನೆಗೆ ಬಂದಿದ್ದಾರೆ. ಕಾಲು ಬಾವು ಇನ್ನೂ ಸ್ವಲ್ಪ ಇದೆ. ಚೀಟಿಯಲ್ಲಿರೋದು: ಸ್ಪೈರೊನೊಲ್ಯಾಕ್ಟೋನ್ 100 ಬೆಳಿಗ್ಗೆ, ಫ್ಯೂರೋಸೆಮೈಡ್ 40 ಬೆಳಿಗ್ಗೆ, ಕಾರ್ವೆಡಿಲೋಲ್ 6.25 ದಿನಕ್ಕೊಂದು, ಲ್ಯಾಕ್ಟುಲೋಸ್ ಸಿರಪ್ 30 ಮಿ.ಲೀ. ಎರಡು ಹೊತ್ತು, ರಿಫಾಕ್ಸಿಮಿನ್ 550 ಎರಡು ಹೊತ್ತು, ಥಯಮಿನ್ 100, ಉರ್ಸೋ 300, ಕೊನೆಗೆ ಒಂದು ಲಿವರ್ ಟಾನಿಕ್. ವಾರದ ಕೂಲಿಯಲ್ಲಿ ಎಲ್ಲ ತರೋಕಾಗಲ್ಲ. ಯಾವುದು ಬಿಟ್ಟರೆ ನಡೆಯುತ್ತೆ? ಇದರಲ್ಲಿ ನಿಜವಾದ ‘ಲಿವರ್ ಮದ್ದು’ ಯಾವುದು?

ಮದ್ದಂಗಡಿ, ವಿರಾಜಪೇಟೆ
ರೈಟರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಒಂದೂ ಅಲ್ಲ. ಸ್ಪೈರೊ, ಫ್ಯೂರೊ ಎರಡೂ ಹೊಟ್ಟೆಯ ನೀರಿಗೆ. ಕಾರ್ವೆಡಿಲೋಲ್ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯದೆ ಇರಲಿ ಅಂತ. ಲ್ಯಾಕ್ಟುಲೋಸ್, ರಿಫಾಕ್ಸಿಮಿನ್ ಲಿವರ್ ತೊಳೆಯದೆ ಬಿಟ್ಟ ವಿಷದಿಂದ ತಲೆ ಮಂಕಾಗದೆ ಇರಲಿ ಅಂತ. ಥಯಮಿನ್ ಮಿದುಳು, ನರಗಳಿಗೆ. ಕುಡಿತದಿಂದ ಗಾಯವಾದ ಲಿವರನ್ನೇ ಹಿಡಿದು ರಿಪೇರಿ ಮಾಡುವ ಮಾತ್ರೆ ಇನ್ನೂ ಬಂದಿಲ್ಲ. ಕುಡಿತ ನಿಂತರೆ ಎಷ್ಟು ಸಾಧ್ಯವೋ ಅಷ್ಟನ್ನು ಲಿವರೇ ಮಾಡಿಕೊಳ್ಳುತ್ತೆ.

ಮೊದಲು ಬಿಡಬೇಕಾದ್ದು ಟಾನಿಕ್. ಅದರಲ್ಲಿರುವ ಸಿಲಿಮರಿನ್‌ನಂಥವುಗಳಿಂದ ಆಯಸ್ಸು ಹೆಚ್ಚುತ್ತೆ ಅಂತ ಗಟ್ಟಿ ಪರೀಕ್ಷೆಗಳಲ್ಲಿ ಕಂಡಿಲ್ಲ, ಮಾರಾಟ ಮಾತ್ರ ಜೋರು. ಉರ್ಸೋ ಪಿತ್ತನಾಳದ ಬೇರೆ ಕಾಯಿಲೆಗಳ ಮದ್ದು, ಇಲ್ಲಿ ಯಾಕೆ ಅಂತ ಬರೆದ ಡಾಕ್ಟ್ರನ್ನೇ ಕೇಳಿ. ಬೇರೆ ಕಾರಣ ಇಲ್ಲದಿದ್ದರೆ ಅವರೇ ತೆಗೆಯುತ್ತಾರೆ. ರಿಫಾಕ್ಸಿಮಿನ್ ಈ ಚೀಟಿಯಲ್ಲಿ ಕೈ ಸುಡುವ ಮಾತ್ರೆ. ಲ್ಯಾಕ್ಟುಲೋಸ್ ಕುಡಿಯುತ್ತಿದ್ದಾಗಲೂ ಇನ್ನೊಮ್ಮೆ ತಲೆ ಮಂಕಾದವರಿಗೆ ಅದನ್ನು ಸೇರಿಸೋದು ರೂಢಿ. ಇವರಿಗೆ ಹಾಗೆ ಆಗಿತ್ತಾ? ಆಗಿದ್ದರೆ ಮುಟ್ಟಬೇಡಿ. ಒಮ್ಮೆಯೂ ಆಗಿಲ್ಲದಿದ್ದರೆ ಬೇಕೇ ಬೇಕಾ ಅಂತ ಕೇಳಬಹುದು. ಉಳಿದವು ಬ್ರಾಂಡ್ ಬಿಟ್ಟು ಜೆನೆರಿಕ್ ತಗೊಂಡರೆ ಅಗ್ಗ. ಜನೌಷಧಿ ಕೇಂದ್ರದಲ್ಲಿ ಮದ್ದಿನ ಹೆಸರು ಹೇಳಿ ಕೇಳಿ, ಬ್ರಾಂಡ್ ಹೆಸರಲ್ಲ.

ಇನ್ನೊಂದು ವಿಷಯ. ಸ್ಪೈರೊ ಬಿಟ್ಟು ಫ್ಯೂರೊ ಒಂದೇ ನುಂಗಿಸಬೇಡಿ. ಫ್ಯೂರೊ ತಗೊಂಡ ಅರ್ಧ ಗಂಟೆಗೆ ಮೂತ್ರ ಹೋಗುವುದು ಕಣ್ಣಿಗೆ ಕಾಣುತ್ತೆ, ಅದಕ್ಕೇ ಜನ ಅದನ್ನು ನಂಬುತ್ತಾರೆ. ಸಿರೋಸಿಸ್‌ನ ನೀರಿಗೆ ಮುಖ್ಯ ಮದ್ದು ಸ್ಪೈರೊ. ಅದು ಹಿಡಿಯೋಕೆ 3ರಿಂದ 5 ದಿನ ಬೇಕು. 100ಕ್ಕೆ 40 ಅನ್ನೋ ಜೋಡಿ ಸುಮ್ಮನೆ ಬಂದದ್ದಲ್ಲ: ಸ್ಪೈರೊ ಪೊಟ್ಯಾಸಿಯಂ ಏರಿಸುತ್ತೆ, ಫ್ಯೂರೊ ಇಳಿಸುತ್ತೆ. ಏರಿಸುವಾಗಲೂ ಅದೇ ಅಳತೆ, ಗರಿಷ್ಠ 400ಕ್ಕೆ 160.

ನೈಟ್ ಡ್ಯೂಟಿ ಸಿಸ್ಟರ್
ಮನೆಯಲ್ಲಿ ಒಂದು ತಕ್ಕಡಿ ಬೇಕೇ ಬೇಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ದಿನಾ ಒಂದೇ ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಕಾಲು ಬಾವು ಇದ್ದರೆ ದಿನಕ್ಕೆ 1 ಕೆ.ಜಿ.ವರೆಗೆ ಇಳಿಯಬಹುದು. ಬಾವು ಹೋಗಿ ಬರೀ ಹೊಟ್ಟೆಯಲ್ಲಿ ನೀರಿದ್ದರೆ ಅರ್ಧ ಕೆ.ಜಿ. ಸಾಕು. ಅದಕ್ಕಿಂತ ಬೇಗ ಇಳಿದರೆ ಕಿಡ್ನಿಗೆ ಪೆಟ್ಟು. ತೂಕ ಇಳಿದಿದೆ ಅಂತ ಖುಷಿಪಟ್ಟು ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಕಿ) ಏರಿಸಿಕೊಂಡು ವಾಪಸ್ ಬರೋರೇ ಜಾಸ್ತಿ.

ಲ್ಯಾಕ್ಟುಲೋಸ್‌ಗೆ ಬಾಟಲಿಯ ಮೇಲಿನ ಅಳತೆ ಲೆಕ್ಕ ಅಲ್ಲ, ಕಕ್ಕಸು ಲೆಕ್ಕ. ದಿನಕ್ಕೆ 2–3 ಸಲ ಮೆತ್ತಗೆ ಹೋಗಬೇಕು. ಒಂದೇ ಸಲ ಆದರೆ 15 ಮಿ.ಲೀ. ಹೆಚ್ಚಿಸಿ, ನಾಲ್ಕೈದು ಸಲ ನೀರಾಗಿ ಹೋದರೆ ಕಡಿಮೆ ಮಾಡಿ. ಭೇದಿ ಜಾಸ್ತಿಯಾದರೆ ಮೈಯ ನೀರು, ಪೊಟ್ಯಾಸಿಯಂ ಇಳಿದು, ತಡೆಯಬೇಕಾದ ಮಂಕನ್ನು ಅದೇ ತಂದುಬಿಡುತ್ತೆ. ಸಿಹಿ ತಡೆಯೋಕಾಗದಿದ್ದರೆ ನೀರಲ್ಲೋ ನಿಂಬೆ ಪಾನಕದಲ್ಲೋ ಬೆರೆಸಿ. ಶುಗರ್ ಇರೋರಿಗೆ ಪಾನಕದ ಸಕ್ಕರೆ ಬೇಡ.

ಮಂಕು ಶುರುವಾಗೋದು ಹೀಗೆ: ಹಗಲು ತೂಕಡಿಕೆ, ರಾತ್ರಿ ಎಚ್ಚರ. ಸಹಿ ವಕ್ರ ಆಗುತ್ತೆ. ಕೈ ಚಾಚಿ ಅಂಗೈಯನ್ನು ಟ್ರಾಫಿಕ್ ಪೊಲೀಸ್ ತಡೆದ ಹಾಗೆ ಹಿಂದಕ್ಕೆ ಬಗ್ಗಿಸಿ ಹಿಡಿಯೋಕೆ ಹೇಳಿ, ಹಕ್ಕಿ ರೆಕ್ಕೆ ಬಡಿದಂತೆ ಕೈ ಬಿದ್ದು ಬಿದ್ದು ಏಳುತ್ತೆ. ಆಗ ನಿದ್ದೆ ಬರಲಿ ಅಂತ ಆಲ್ಪ್ರಜೊಲಾಮ್ ಕೊಟ್ಟೀರಿ, ಮತ್ತೆ ಎಬ್ಬಿಸೋಕಾಗಲ್ಲ.

ತೋಟದ ರೈಟರ್, ಸಿದ್ದಾಪುರ
ಥ್ಯಾಂಕ್ಸ್ ಸಿಸ್ಟರ್. ಆಸ್ಪತ್ರೆಯಲ್ಲಿ ಎರಡನೇ ದಿನ ಮಂಕು ಆಗಿತ್ತಂತೆ, ಅದು ಮೊದಲನೇ ಸಲ. ಉಪ್ಪು ಕಡಿಮೆ ಅಂದಿದ್ದಕ್ಕೆ ಮನೆಯವರು ಅಂಗಡಿಯಿಂದ ‘ಲೋ ಸೋಡಿಯಂ’ ಉಪ್ಪು ತಂದಿದ್ದಾರೆ. ಎಳನೀರೂ ಕೊಡ್ತಿದ್ದಾರೆ. ಸರೀನಾ?

ಮದ್ದಂಗಡಿ, ವಿರಾಜಪೇಟೆ
ಎರಡೂ ಇವತ್ತೇ ನಿಲ್ಲಿಸಿ! ಆ ಉಪ್ಪಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಎಳನೀರಲ್ಲೂ ಪೊಟ್ಯಾಸಿಯಂ. ಸ್ಪೈರೊ ಅದನ್ನು ಹೊರಗೆ ಬಿಡಲ್ಲ. ಮೂರೂ ಸೇರಿದರೆ ಎದೆಬಡಿತವೇ ತಪ್ಪಬಹುದು. ಮಾಮೂಲಿ ಉಪ್ಪನ್ನೇ ಅಳೆದು ಹಾಕಿ.

ಸ್ಪೈರೊದಿಂದ ಗಂಡಸರಿಗೆ ಎದೆ ಊದಿ ನೋಯಬಹುದು. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡ್ತಾರೆ, ಹದಿನೈದು ದಿನಕ್ಕೆ ಹೊಟ್ಟೆ ಮತ್ತೆ ಮಡಿಕೆ. ಎಪ್ಲೆರಿನೋನ್, ಅಮಿಲೋರೈಡ್ ಅಂತ ಬದಲಿ ಇದೆ, ಮುಂಚೆಯೇ ಕಿವಿಗೆ ಹಾಕಿಡಿ.

ಊಟದ ಲೆಕ್ಕ
ಉಪ್ಪು ಇಡೀ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ. ಸಾರು, ಪಲ್ಯ, ರೊಟ್ಟಿ ಎಲ್ಲ ಸೇರಿ. ಬೆಳಿಗ್ಗೆಯೇ ಅಳೆದು ಒಂದು ಡಬ್ಬಿಗೆ ಹಾಕಿ, ಅದು ಮುಗಿದರೆ ಮುಗೀತು. ಒಣಮೀನು, ಉಪ್ಪಿನಕಾಯಿ, ಹಂದಿ ಉಪ್ಪಿನಕಾಯಿ, ಹಪ್ಪಳ ಮನೆಯೊಳಗೇ ಬೇಡ. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಮತ್ತು ಕರಿಮೆಣಸು. ಹುಳಿ, ಖಾರ ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ಗೊತ್ತಾಗಲ್ಲ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಉಪ್ಪಿಲ್ಲದೆಯೇ ಮಾಡಬಹುದು.

ಉಪ್ಪಿಗಿಂತ ದೊಡ್ಡ ತಪ್ಪು ನಡೆಯೋದು ಪಥ್ಯದಲ್ಲಿ. ‘ಜಾಂಡೀಸ್ ಪಥ್ಯ’ ಅಂತ ಬರೀ ಗಂಜಿ ನೀರು ಕೊಟ್ಟು, ಮೊಟ್ಟೆ ಮಾಂಸ ಬೇಳೆ ಎಲ್ಲ ನಿಲ್ಲಿಸ್ತಾರೆ. ಇವರ ತೋಳು, ತೊಡೆ ನೋಡಿ, ಸ್ನಾಯು ಕರಗಿ ಹೋಗಿರುತ್ತೆ. ಮಂಕು ತರುವ ಅಮೋನಿಯಾವನ್ನು ಲಿವರ್ ಬಿಟ್ಟರೆ ತೊಳೆಯೋದು ಸ್ನಾಯು. ಅದೂ ಕರಗಿದರೆ ಮಂಕು ಹೆಚ್ಚುತ್ತೆ. ಪ್ರೋಟೀನ್ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ, ಶಕ್ತಿ 30ರಿಂದ 35 ಕಿಲೋಕ್ಯಾಲರಿ. ತೂಕ ಅಂದರೆ ಹೊಟ್ಟೆಯ ನೀರು ಬಿಟ್ಟು. 55 ಕೆ.ಜಿ.ಯವರಿಗೆ 66ರಿಂದ 82 ಗ್ರಾಂ ಪ್ರೋಟೀನ್. ಒಂದು ಮೊಟ್ಟೆ 6, ಕಾಲು ಲೀಟರ್ ಹಾಲು 8, ನೂರು ಗ್ರಾಂ ಬೆಂದ ಕೋಳಿ ಸುಮಾರು 25. ಕೂಡಿಸಿ ನೋಡಿ, ಗಂಜಿಯಲ್ಲಿ ಅದರ ಕಾಲು ಭಾಗವೂ ಬರಲ್ಲ.

ಮಲಗುವ ಮುಂಚೆ ಒಂದು ಸಣ್ಣ ಊಟ ಕಡ್ಡಾಯ: ಎರಡು ಅಕ್ಕಿ ರೊಟ್ಟಿ ಮತ್ತು ಮೊಟ್ಟೆ, ಇಲ್ಲವೇ ಹಾಲು ಹಾಕಿದ ರಾಗಿ ಗಂಜಿ. ಸಿರೋಸಿಸ್ ಲಿವರಿನಲ್ಲಿ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು ಇರಲ್ಲ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟರವರೆಗೆ ಖಾಲಿ ಇದ್ದರೆ ಮೈ ತನ್ನ ಸ್ನಾಯುವನ್ನೇ ಸುಡುತ್ತೆ. ನಮಗೆ ಎರಡು ಮೂರು ದಿನದ ಉಪವಾಸ ಹೇಗೋ, ಇವರಿಗೆ ಒಂದು ರಾತ್ರಿ ಹಾಗೆ.

ಕಾಫಿ ಕುಡಿಯಲಿ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಕಡಿಮೆ ಅಂತ ಹಲವು ದೇಶಗಳ ಜನರ ಮೇಲಿನ ಅಧ್ಯಯನಗಳಲ್ಲಿ ಬಂದಿದೆ. ಅದು ಮದ್ದು ಅನ್ನೋದಕ್ಕೆ ಪುರಾವೆ ಅಲ್ಲ, ನಿಲ್ಲಿಸೋಕೆ ಕಾರಣ ಇಲ್ಲ ಅಷ್ಟೇ.

ಹೊಸಬ, ಸುಂಟಿಕೊಪ್ಪ
ಮಧ್ಯೆ ಒಂದು ಪ್ರಶ್ನೆ. ಇದೇ ಕುಡಿತದ ಲಿವರ್ ಕಾಯಿಲೆಗೆ ಕೆಲವರಿಗೆ ಸ್ಟಿರಾಯ್ಡ್ ಕೊಡ್ತಾರಲ್ಲ? ರೈಟರ್ ಹೇಳಿದವರಿಗೆ ಯಾಕಿಲ್ಲ? ಬಿಲಿರುಬಿನ್ (ಕಾಮಾಲೆಯ ಹಳದಿ) ಎಷ್ಟಾದರೆ ಕೊಡ್ತಾರೆ?

ಲಿವರ್ ಡಾಕ್ಟ್ರು, ಮೈಸೂರು
ಸ್ಟಿರಾಯ್ಡ್ ಸಿರೋಸಿಸ್‌ಗೆ ಅಲ್ಲ, ತೀವ್ರವಾದ ಆಲ್ಕೊಹಾಲಿಕ್ ಹೆಪಟೈಟಿಸ್‌ಗೆ. ಅಂದರೆ ಬಹಳ ಕುಡಿಯುತ್ತಿದ್ದವರಿಗೆ ಕೆಲವೇ ವಾರದಲ್ಲಿ ಕಾಮಾಲೆ ಏರಿ, ರಕ್ತ ಪರೀಕ್ಷೆಯ ಲಿವರ್ ಕಿಣ್ವಗಳಲ್ಲಿ ಎಎಸ್‌ಟಿಯು ಎಎಲ್‌ಟಿಯ ಒಂದೂವರೆ, ಎರಡು ಪಟ್ಟು ಇದ್ದು, ಎರಡೂ 400 ದಾಟದೆ ಇದ್ದಾಗ. ಸಾವಿರ ದಾಟಿದ್ದರೆ ವೈರಸ್ಸೋ ಪ್ಯಾರಾಸಿಟಮಾಲೋ ಅಂತ ಬೇರೆ ಕಾರಣ ಹುಡುಕಬೇಕು.

ಬಿಲಿರುಬಿನ್ ಒಂದನ್ನೇ ನೋಡಿ ತೀರ್ಮಾನಿಸಲ್ಲ. ಮ್ಯಾಡ್ರಿ ಲೆಕ್ಕ ಇದೆ: ರೋಗಿಯ ಪ್ರೋಥ್ರಾಂಬಿನ್ ಸಮಯದಲ್ಲಿ (ರಕ್ತ ಹೆಪ್ಪುಗಟ್ಟೋಕೆ ಬೇಕಾದ ಸೆಕೆಂಡ್) ಕಂಟ್ರೋಲ್ ಸಮಯ (ಆರೋಗ್ಯವಂತರದು) ಕಳೆದು, 4.6ರಿಂದ ಗುಣಿಸಿ, ಬಿಲಿರುಬಿನ್ ಕೂಡಿಸಿ. 32 ಅಥವಾ ಮೇಲಿದ್ದರೆ ತೀವ್ರ. ಒಬ್ಬರದು 21 ಸೆಕೆಂಡ್, ಕಂಟ್ರೋಲ್ 12, ಬಿಲಿರುಬಿನ್ 9: 41.4ಕ್ಕೆ 9 ಸೇರಿ 50.4, ತೀವ್ರ. ಇನ್ನೊಬ್ಬರದು 15, 12, ಬಿಲಿರುಬಿನ್ 12: 13.8ಕ್ಕೆ 12 ಸೇರಿ 25.8, ಅಲ್ಲ. ಎರಡನೆಯವರ ಕಣ್ಣೇ ಜಾಸ್ತಿ ಹಳದಿ, ಆದರೆ ಅಪಾಯದಲ್ಲಿರೋದು ಮೊದಲನೆಯವರು. ಲ್ಯಾಬಿನವರು ಐಎನ್‌ಆರ್ (ಅದೇ ಪರೀಕ್ಷೆಯ ಅನುಪಾತ) ಮಾತ್ರ ಕೊಟ್ಟರೆ ಈ ಲೆಕ್ಕ ಆಗಲ್ಲ, ಸೆಕೆಂಡ್ ಮತ್ತು ಕಂಟ್ರೋಲ್ ಎರಡನ್ನೂ ಬರೆಸಿಕೊಳ್ಳಿ.

ಮದ್ದು ಪ್ರೆಡ್ನಿಸೊಲೋನ್ 40 ಮಿ.ಗ್ರಾಂ., ಬೆಳಿಗ್ಗೆ, 28 ದಿನ. ಪ್ರೆಡ್ನಿಸೋನ್ ಅಲ್ಲ, ಅದನ್ನು ಮದ್ದಾಗಿ ಬದಲಿಸೋಕೆ ಲಿವರೇ ಬೇಕು. ಏಳನೇ ದಿನ ಲಿಲ್ ಸ್ಕೋರ್ ಹಾಕಬೇಕು: ವಯಸ್ಸು, ಆಲ್ಬುಮಿನ್, ಕ್ರಿಯಾಟಿನಿನ್, ಪ್ರೋಥ್ರಾಂಬಿನ್ ಸಮಯ, ಮೊದಲ ದಿನದ ಮತ್ತು ಏಳನೇ ದಿನದ ಬಿಲಿರುಬಿನ್. 0.45ಕ್ಕಿಂತ ಹೆಚ್ಚು ಬಂದರೆ ಮದ್ದು ಹಿಡಿದಿಲ್ಲ, ನಿಲ್ಲಿಸಬೇಕು. ‘ಇನ್ನೊಂದು ವಾರ ನೋಡೋಣ’ ಅಂದರೆ ಸಿಗೋದು ಸೋಂಕು ಮಾತ್ರ.

ಲಾಭ ಎಷ್ಟು ಅಂದರೆ, ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಮಾಡಿದ ಸ್ಟೋಪಾ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. 28 ದಿನದ ಹೊತ್ತಿಗೆ ಸ್ಟಿರಾಯ್ಡ್‌ನವರಲ್ಲಿ ಸಾವು ಸ್ವಲ್ಪ ಕಡಿಮೆ, 90 ದಿನಕ್ಕೆ ವ್ಯತ್ಯಾಸ ಇಲ್ಲ. ಗಂಭೀರ ಸೋಂಕು 7ರ ಬದಲು ಶೇ. 13. ಅದೇ ಪರೀಕ್ಷೆಯಲ್ಲಿ ಪೆಂಟಾಕ್ಸಿಫಿಲಿನ್ 400 ಮೂರು ಹೊತ್ತು ಕೊಟ್ಟೂ ನೋಡಿದರು, ಉಪಯೋಗ ಕಾಣಲಿಲ್ಲ. ಈಗಲೂ ಅದನ್ನು ಬರೆಯೋದು ಹಳೇ ಅಭ್ಯಾಸ. ಸ್ಟಿರಾಯ್ಡ್ ಜತೆ ಎನ್-ಅಸಿಟೈಲ್ ಸಿಸ್ಟೀನ್ ಐದು ದಿನ ಡ್ರಿಪ್ಪಿನಲ್ಲಿ ಕೊಟ್ಟ 2011ರ ಫ್ರೆಂಚ್ ಪರೀಕ್ಷೆಯಲ್ಲಿ ಒಂದು ತಿಂಗಳ ಸಾವು ಶೇ. 24ರಿಂದ 8ಕ್ಕೆ ಇಳಿದಿತ್ತು, ಆರು ತಿಂಗಳಿಗೆ ಆ ಅಂತರ ಗಟ್ಟಿಯಾಗಿ ಉಳಿಯಲಿಲ್ಲ. ಜಿ-ಸಿಎಸ್‌ಎಫ್ (ಬಿಳಿ ರಕ್ತಕಣ ಹೆಚ್ಚಿಸುವ) ಚುಚ್ಚುಮದ್ದು ನಮ್ಮ ಉತ್ತರ ಭಾರತದ ಸಣ್ಣ ಪರೀಕ್ಷೆಗಳಲ್ಲಿ ಚೆನ್ನಾಗಿ ಕಂಡಿತು, ಯುರೋಪಿನಲ್ಲಿ ಕಾಣಲಿಲ್ಲ. ಮನೆ ಅಡ ಇಟ್ಟು ಕೊಡಿಸುವ ಮದ್ದಲ್ಲ.

ಆರೋಗ್ಯ ಕೇಂದ್ರ, ಪೊನ್ನಂಪೇಟೆ ಕಡೆ
ಡಾಕ್ಟ್ರು ಹೇಳಿದ್ದಕ್ಕೆ ಇಲ್ಲಿನ ಮಳೆಗಾಲದ ಮಾತು ಸೇರಿಸ್ತೀನಿ. ಜೂನ್‌ನಿಂದ ಗದ್ದೆ, ತೋಟದ ಕೆಸರಲ್ಲಿ ನಿಂತು ಕೆಲಸ ಮಾಡೋರಿಗೆ ಜ್ವರ, ಕಾಮಾಲೆ ಬಂದರೆ, ಕುಡೀತಾರೆ ಅನ್ನೋ ಒಂದೇ ಕಾರಣಕ್ಕೆ ಕುಡಿತದ ತಲೆಗೆ ಕಟ್ಟಬಾರದು. ಇಲಿ ಜ್ವರವೂ ಇರಬಹುದು. ಮೀನಖಂಡ ಒತ್ತಿದರೆ ಕಿರುಚುವಷ್ಟು ನೋವು, ಪಿಚ್ಚಿಲ್ಲದ ಕೆಂಪು ಕಣ್ಣು, ಪ್ಲೇಟ್ಲೆಟ್ ಇಳಿಕೆ, ಬಿಲಿರುಬಿನ್ ಜತೆಗೇ ಏರುವ ಕ್ರಿಯಾಟಿನಿನ್, ಸಿಪಿಕೆ (ಸ್ನಾಯುವಿನ ಕಿಣ್ವ) ಹೆಚ್ಚಳ, ಇವು ಅದರ ಸುಳಿವು. ಅದಕ್ಕೆ ಬೇಕಾದ್ದು ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಅಥವಾ ಡಾಕ್ಸಿಸೈಕ್ಲಿನ್, ಸ್ಟಿರಾಯ್ಡ್ ಅಲ್ಲ. ಹೊಟ್ಟೆಯಲ್ಲಿ ನೀರಿದ್ದು ಜ್ವರವೋ ನೋವೋ ಬಂದರೆ ಸೂಜಿ ಹಾಕಿ ನೀರು ಪರೀಕ್ಷೆ ಮಾಡಲೇಬೇಕು. ಅದರಲ್ಲಿ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 250 ದಾಟಿದ್ದರೆ ಅದು ನೀರಿನ ಸೋಂಕು.

ಲಿವರ್ ಡಾಕ್ಟ್ರು, ಮೈಸೂರು
ಸರಿಯಾಗಿ ಹೇಳಿದಿರಿ. ಸ್ಟಿರಾಯ್ಡ್‌ಗೆ ಮುಂಚೆ ರಕ್ತ, ಮೂತ್ರದ ಕಲ್ಚರ್, ಹೊಟ್ಟೆ ನೀರು, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ನೋಡದೆ ಶುರು ಮಾಡಬಾರದು. ಟಿಬಿ ಇರುವ ನಮ್ಮ ದೇಶದಲ್ಲಂತೂ ಆ ಎಕ್ಸ್‌ರೇ ಬಿಡುವ ಹಾಗಿಲ್ಲ.

ಕಷಾಯ ಪ್ರಿಯ
ಇಷ್ಟೆಲ್ಲ ಯಾಕೆ? ಅಮೃತಬಳ್ಳಿ ಕಷಾಯ ಕುಡಿಸಿ. ಮಾತ್ರೆ ಬೇಡ ಅನ್ನೋರಿಗೆ ಗೊತ್ತಾಗದ ಹಾಗೆ ಊಟಕ್ಕೆ ಬೆರೆಸುವ ಕುಡಿತ ಬಿಡಿಸೋ ಪುಡಿಯೂ ಬರುತ್ತೆ, ಗೋಡೆ ಮೇಲೆ ನಂಬರ್ ಇರುತ್ತೆ.

ಮನೋವೈದ್ಯೆ, ಮಡಿಕೇರಿ
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಅಂಥ ಪುಡಿಯಲ್ಲಿ ಏನಿದೆ ಅಂತ ಪೊಟ್ಟಣದ ಮೇಲೆ ಬರೆದಿರಲ್ಲ. ಡೈಸಲ್ಫಿರಾಮ್ ಇದ್ದರೆ, ಅದು ಗೊತ್ತಿಲ್ಲದೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಕುಸಿದು ಜೀವವೇ ಹೋಗಬಹುದು. ಲಿವರ್ ಗಟ್ಟಿ ಇರೋರಿಗೂ ಅದನ್ನು ಕೊಡೋದು ಅವರ ಒಪ್ಪಿಗೆಯಿಂದ, ಕೊನೆಯ ಗುಟುಕಿನಿಂದ 12 ಗಂಟೆಯಾದರೂ ಕಳೆದ ಮೇಲೆ. ನಿಲ್ಲಿಸಿ ಎರಡು ವಾರದವರೆಗೂ ಪರಿಣಾಮ ಇರುತ್ತೆ. ಆಲ್ಕೊಹಾಲ್ ಇರುವ ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್ ಸಾಕು, ರಿಯಾಕ್ಷನ್ ಆಗೋಕೆ. ಮೇಲಾಗಿ ಡೈಸಲ್ಫಿರಾಮೇ ಲಿವರಿಗೆ ಪೆಟ್ಟು ಕೊಡುತ್ತೆ, ಸಿರೋಸಿಸ್‌ನಲ್ಲಿ ಅದು ಬೇಡವೇ ಬೇಡ. ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡವರ ವರದಿ ಕೋವಿಡ್ ಕಾಲದಲ್ಲಿ ಮುಂಬೈಯಿಂದ ಬಂದಿದೆ. ಕೊಡಗಿನ ಕಕ್ಕಡ (ಆಟಿ) ತಿಂಗಳ ಹದಿನೆಂಟಕ್ಕೆ ಒಂದು ಬಟ್ಟಲು ಮದ್ದು ತೊಪ್ಪಿನ ಪಾಯಸ ಉಣ್ಣೋದು ಬೇರೆ, ಕೆಟ್ಟ ಲಿವರಿಗೆ ತಿಂಗಳುಗಟ್ಟಲೆ ಕಷಾಯ ಹುಯ್ಯೋದು ಬೇರೆ.

ರೈಟರ್, ನಿಮ್ಮ ಚೀಟಿಯಲ್ಲಿ ಟಾನಿಕ್ ಇದೆ, ಕುಡಿತದ ಆಸೆ ಕಡಿಮೆ ಮಾಡೋ ಮದ್ದೇ ಇಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಅದೇ. ಬ್ಯಾಕ್ಲೋಫೆನ್ ಇದೆ. ಸಿರೋಸಿಸ್ ಇರುವವರ ಮೇಲೇ ಇಟಲಿಯಲ್ಲಿ ಪರೀಕ್ಷೆ ಮಾಡಿ 2007ರಲ್ಲಿ ಉಪಯೋಗ ತೋರಿಸಿದ್ದಾರೆ. 5 ಮಿ.ಗ್ರಾಂ. ಮೂರು ಹೊತ್ತು ಶುರು, ಮೂರು ದಿನದ ಮೇಲೆ 10 ಮೂರು ಹೊತ್ತು. ಆದರೆ ಇವರಿಗೆ ಈಗಷ್ಟೇ ಮಂಕು ಆಗಿದೆ, ಬ್ಯಾಕ್ಲೋಫೆನ್ ತೂಕಡಿಕೆ ತರುತ್ತೆ, ಕಿಡ್ನಿ ಸೋತರೆ ಮೈಯಲ್ಲಿ ನಿಲ್ಲುತ್ತೆ. ಹಾಗಾಗಿ ಇವರಿಗೆ ನಾನು ಮೊದಲು ಯೋಚಿಸೋದು ಅಕಾಂಪ್ರೊಸೇಟ್: 333ರ ಎರಡು ಮಾತ್ರೆ, ಮೂರು ಹೊತ್ತು. ಅದು ಲಿವರನ್ನು ಮುಟ್ಟದೆ ಕಿಡ್ನಿಯಿಂದ ಹೋಗುತ್ತೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗ) 30ರಿಂದ 50 ಇದ್ದರೆ ಒಂದೊಂದೇ ಮಾತ್ರೆ, 30ಕ್ಕಿಂತ ಕಡಿಮೆ ಇದ್ದರೆ ಬೇಡ. ನಾಲ್ಟ್ರೆಕ್ಸೋನ್ 50 ಬೇರೆಯವರಿಗೆ ಒಳ್ಳೆಯದೇ, ಹೀಗೆ ನೀರು ತುಂಬಿದ ಹಂತದಲ್ಲಿ ನಾನು ಬರೆಯಲ್ಲ. ಬ್ಯಾಕ್ಲೋಫೆನ್ ಶುರು ಮಾಡಿದವರು ಒಂದೇ ದಿನ ನಿಲ್ಲಿಸಬಾರದು, ಫಿಟ್ಸ್ ಬರಬಹುದು.

ಇನ್ನೂ ಕುಡಿಯುತ್ತಿರುವವರ ಮನೆಯವರಿಗೆ ಒಂದು ಮಾತು. ದಿನಾ ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ., ಶೇ. 42.8ರ ಲೆಕ್ಕದಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್. ಹಾಗೆ ವರ್ಷಗಟ್ಟಲೆ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ. 6ರಿಂದ 24 ಗಂಟೆಯೊಳಗೆ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡು ಮೂರು ದಿನಕ್ಕೆ ಗೋಡೆಯಲ್ಲಿ ಹುಳ ಕಾಣೋ ಸನ್ನಿ. ವಾರ್ಡಿನಲ್ಲಿ ಇದಕ್ಕೆ ಮಾಮೂಲಿ ಮದ್ದು ಕ್ಲೋರ್‌ಡೈಯಾಜೆಪಾಕ್ಸೈಡ್, ಆದರೆ ಲಿವರ್ ಕೆಟ್ಟವರಲ್ಲಿ ಅದು ದಿನಗಟ್ಟಲೆ ಮೈಯಲ್ಲೇ ಉಳಿಯುತ್ತೆ. ಅವರಿಗೆ ಲೊರಾಜೆಪಾಮ್ ಅಥವಾ ಆಕ್ಸಜೆಪಾಮ್. ‘ಸುಸ್ತು, ಒಂದು ಗ್ಲೂಕೋಸ್ ಏರಿಸಿ’ ಅಂತ ಕೇಳೋರೂ ತಿಳಿದಿರಲಿ: ಥಯಮಿನ್ ಚುಚ್ಚುಮದ್ದು ಮೊದಲು, ಗ್ಲೂಕೋಸ್ ಆಮೇಲೆ. ಉಲ್ಟಾ ಆದರೆ ಇದ್ದಬದ್ದ ಥಯಮಿನ್ ಖರ್ಚಾಗಿ ಮಿದುಳಿಗೆ ಏಟು ಬೀಳಬಹುದು. ಮಾತಾಡೋಕೆ ಟೆಲಿ ಮಾನಸ್ 14416, ವ್ಯಸನದ ಸಹಾಯವಾಣಿ 14446.

ಮದ್ದಂಗಡಿ, ವಿರಾಜಪೇಟೆ
ಅಂಗಡಿಗೆ ಬಂದು ಕೇಳೋ ಇನ್ನೆರಡು: ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಕಿಡ್ನಿ ಕೆಡುತ್ತೆ, ರಕ್ತಸ್ರಾವ ಆಗುತ್ತೆ, ನೀರಿನ ಮಾತ್ರೆ ಕೆಲಸ ಮಾಡಲ್ಲ. ಪ್ಯಾರಾಸಿಟಮಾಲ್ ಅಂದರೆ ಎಲ್ಲರಿಗೂ ಹೆದರಿಕೆ, ಆದರೆ ಇವರಿಗೆ ಅದೇ ವಾಸಿ, ದಿನಕ್ಕೆ 2 ಗ್ರಾಂ ದಾಟಬಾರದು, ಅಂದರೆ 500ರದ್ದು ನಾಲ್ಕು. ‘ಗ್ಯಾಸ್ ಮಾತ್ರೆ’ ಕಾರಣವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಸೋಂಕಿಗೆ ದಾರಿ.

ತೋಟದ ರೈಟರ್, ಸಿದ್ದಾಪುರ
ನಾಲ್ಕು ದಿನದ ತೂಕ: 58.4, 57.8, 57.1, ಇವತ್ತು 56.0. ಕಾಲು ಬಾವು ನಿನ್ನೆಯಿಂದ ಇಲ್ಲ. ಕಕ್ಕಸು ನಿನ್ನೆ ಐದು ಸಲ, ನೀರಾಗಿ. ಸಿಸ್ಟರ್ ಹೇಳಿದ ಹಾಗೆ ಕೈ ಬಗ್ಗಿಸಿ ನೋಡಿದೆವು, ಬೀಳ್ತಿಲ್ಲ. ಬಿ.ಪಿ. 98/60. ಸೋಮವಾರ ಚೆಕಪ್ ಇದೆ.

ಲಿವರ್ ಡಾಕ್ಟ್ರು, ಮೈಸೂರು
ಸೋಮವಾರದವರೆಗೆ ಕಾಯಬೇಡಿ. ಬಾವಿಲ್ಲದವರಲ್ಲಿ ಒಂದೇ ದಿನಕ್ಕೆ 1.1 ಕೆ.ಜಿ. ಜಾಸ್ತಿಯಾಯಿತು, ಜತೆಗೆ ಭೇದಿ. ಬರೆದ ಡಾಕ್ಟ್ರಿಗೆ ಇವತ್ತೇ ಫೋನ್ ಮಾಡಿ, ನಾಳೆಯ ನೀರಿನ ಮಾತ್ರೆ ತಡೆಹಿಡಿಯೋಣವೇ ಅಂತ ಕೇಳಿ. ಲ್ಯಾಕ್ಟುಲೋಸ್ 15 ಎರಡು ಹೊತ್ತಿಗೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಬಿ.ಪಿ. ಮೇಲಿನ ಅಂಕಿ 90ಕ್ಕಿಂತ ಕೆಳಗೆ ಬಂದರೆ ಕಾರ್ವೆಡಿಲೋಲ್ ಕೊಡದೆ ಡಾಕ್ಟ್ರಿಗೆ ತಿಳಿಸಿ. ನಾಳೆ ಬೆಳಿಗ್ಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್. ಸೋಡಿಯಂ 125ಕ್ಕಿಂತ ಕಡಿಮೆಯಾದರೆ, ಕ್ರಿಯಾಟಿನಿನ್ ಡಿಸ್ಚಾರ್ಜ್ ದಿನಕ್ಕಿಂತ ಏರಿದ್ದರೆ ಎರಡೂ ನೀರಿನ ಮಾತ್ರೆ ನಿಲ್ಲಬೇಕು. ಪೊಟ್ಯಾಸಿಯಂ 3ರ ಕೆಳಗಾದರೆ ಫ್ಯೂರೊ ನಿಲ್ಲಬೇಕು, 6ರ ಮೇಲಾದರೆ ಸ್ಪೈರೊ ನಿಲ್ಲಬೇಕು. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಕಕ್ಕಸು, ಮಂಕು, ಜ್ವರ, ಯಾವುದೇ ಕಂಡರೂ 108. ಮಳೆಯಲ್ಲಿ ರಸ್ತೆ ಹೇಗಿರುತ್ತೋ ಗೊತ್ತಿಲ್ಲ, ಎಂಡೋಸ್ಕೋಪಿ ಇರೋ ಆಸ್ಪತ್ರೆ ಯಾವುದು ಹತ್ತಿರ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ರಿಪೋರ್ಟ್ ಬಂದ ಮೇಲೆ ಆ ಮೂರು ಅಂಕಿ ಮಾತ್ರ ಇಲ್ಲಿ ಹಾಕಿ. ಅವರ ಹೆಸರಿರೋ ಫೋಟೋ ಬೇಡ.